ಭೂವಿಜ್ಞಾನಿ ರಾಧಾಕೃಷ್ಣರ ಹೆಸರಿನಲ್ಲಿ ಸರ್ಕಲ್ ಬೇಡ, ಬೋರ್‌ವೆಲ್ ಲೆಕ್ಕ ಬರೆಸಿ

ಚಿತ್ರದುರ್ಗ ಜಿಲ್ಲಾಧಿಕಾರಿಗಳಿಗೆ, ಗಣಿ ಮತ್ತು ಭೂವಿಜ್ಞಾನ ಇಲಾಖೆಯ ನಿರ್ದೇಶಕರಿಗೆ, ಅಂತರ್ಜಲ ನಿರ್ದೇಶನಾಲಯದ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಭರಮಸಾಗರ ಹೋಬಳಿಯವನು. ಕಾಲೇಜಿನಲ್ಲಿ ಭೂವಿಜ್ಞಾನ ಓದಿದೆ, ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದೆ, ಈಗ ನಿವೃತ್ತನಾಗಿ ಹೊಲ ನೋಡಿಕೊಂಡಿದ್ದೇನೆ. ಮೆಕ್ಕೆಜೋಳ, ಈರುಳ್ಳಿ, ಒಂದಿಷ್ಟು ಅಡಿಕೆ. ಜಿಲ್ಲೆಯಲ್ಲಿ ಕೊರೆಯುವ ಬೋರ್‌ವೆಲ್‌ಗಳ ಲೆಕ್ಕ ಬರೆಸಿಡುವ ಒಂದು ಕೆಲಸ ನಿಮ್ಮಿಂದ ಆಗಬೇಕು ಅಂತ ಈ ಪತ್ರ ಬರೆಯುತ್ತಿದ್ದೇನೆ. ದೊಡ್ಡ ಕೆಲಸವೇನಲ್ಲ, ಖರ್ಚೂ ಕಮ್ಮಿ. ಆದರೆ ಅದನ್ನು ಯಾಕೆ ಕೇಳುತ್ತಿದ್ದೇನೆ ಅಂತ ತಿಳಿಯಬೇಕಾದರೆ ನಿಮ್ಮದೇ ಇಲಾಖೆಯ ಒಬ್ಬ ಹಿರಿಯರ ಬಗ್ಗೆ ಮೊದಲು ಹೇಳಬೇಕು.

ಬಿ. ಪಿ. ರಾಧಾಕೃಷ್ಣ ಅವರ ಹೆಸರು ನಿಮ್ಮಲ್ಲಿ ಹಳಬರಿಗೆ ಗೊತ್ತಿರುತ್ತದೆ. ಹೊಸಬರು ಎಲ್ಲೋ ಫೋಟೊ ನೋಡಿರಬಹುದು. 1918ರ ಏಪ್ರಿಲ್ 30ರಂದು ಬೆಂಗಳೂರಿನಲ್ಲಿ ಹುಟ್ಟಿದವರು. ಸೆಂಟ್ರಲ್ ಕಾಲೇಜಿನಲ್ಲಿ ಓದಿ 1937ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆಗೆ ಸೇರಿದರು. 1965ರಿಂದ 1974ರವರೆಗೆ ಅದೇ ಇಲಾಖೆಯ ನಿರ್ದೇಶಕರಾಗಿದ್ದರು. 1991ರಲ್ಲಿ ಪದ್ಮಶ್ರೀ ಬಂತು. 2012ರ ಜನವರಿ 26ರಂದು ತೀರಿಕೊಂಡರು. ಇಷ್ಟನ್ನು ಯಾವ ಸಮಾರಂಭದ ಆಹ್ವಾನ ಪತ್ರಿಕೆಯಲ್ಲಾದರೂ ಅಚ್ಚು ಹಾಕಿಸಬಹುದು. ನನಗೆ ಮುಖ್ಯ ಅನಿಸೋದು ಬೇರೆ.

ಅವರು ಸೇರಿದ ಇಲಾಖೆ ಶುರುವಾಗಿದ್ದು 1894ರಲ್ಲಿ. ಆಗ ಭೂವಿಜ್ಞಾನಿ ಅಂದರೆ ನಡೆಯುವವನು. ಗುಡಾರ, ಎತ್ತಿನಗಾಡಿ, ಸುತ್ತಿಗೆ, ದಿಕ್ಸೂಚಿ, ಒಂದು ನೋಟ್‌ಬುಕ್. ಹಳ್ಳ, ಕೊರಕಲು, ಬಾವಿ ತೋಡಿದ ಮಣ್ಣಿನ ಗುಡ್ಡೆ ಎಲ್ಲವನ್ನೂ ನೋಡುತ್ತಾ ಹೋಗುವುದು, ಕಂಡಿದ್ದನ್ನು ನಕ್ಷೆಯ ಮೇಲೆ ಗುರುತು ಹಾಕುವುದು, ವರ್ಷದ ಕೊನೆಗೆ ವರದಿ ಬರೆಯುವುದು. ಆ ವರದಿಗಳನ್ನು ಇಲಾಖೆ ಅಚ್ಚು ಹಾಕಿಸಿ ಹೊರಗೆ ಬಿಡುತ್ತಿತ್ತು. ಇದು ಬಹಳ ದೊಡ್ಡ ವಿಷಯ. ಇಲಾಖೆಯ ಭೂವಿಜ್ಞಾನಿಗಳಾದ ಸ್ಮೀತ್, ಸಂಪತ್ ಅಯ್ಯಂಗಾರ್, ಬಿ. ರಾಮರಾವ್, ಪಿಚ್ಚಮುತ್ತು ಇವರೆಲ್ಲ ಬರೆದದ್ದು ಇವತ್ತಿಗೂ ಸಿಗುತ್ತದೆ. ಸ್ಮೀತ್ ಅವರು 1916ರಲ್ಲೇ ಇಡೀ ಮೈಸೂರು ಸಂಸ್ಥಾನದ ಕಲ್ಲುಗಳ ಚರಿತ್ರೆ ಬರೆದು ಪ್ರಕಟಿಸಿದ್ದರು. ಯೋಚನೆ ಮಾಡಿ, ನೂರು ವರ್ಷದ ಹಿಂದೆ ನಮ್ಮ ಗುಡ್ಡದಲ್ಲಿ ಯಾವ ಕಲ್ಲಿದೆ ಅಂತ ಸರ್ಕಾರ ಪುಸ್ತಕ ಮಾಡಿ ಹೇಳುತ್ತಿತ್ತು.

ರಾಧಾಕೃಷ್ಣರು ಈ ಅಭ್ಯಾಸದಲ್ಲೇ ಬೆಳೆದವರು. ರಾಮನಗರದ ಆ ದೊಡ್ಡ ದೊಡ್ಡ ಬಂಡೆಗಳಿವೆಯಲ್ಲ, ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತಾರೆ. ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಹೋಗುವ ಪಟ್ಟಿ ಅದು. ಅವರ ಡಾಕ್ಟರೇಟ್ ಅದರ ಮೇಲೆಯೇ. ಇಲಾಖೆಯ ನೌಕರಿ ಮಾಡಿಕೊಂಡೇ ಇದನ್ನೆಲ್ಲ ಮಾಡಿದರು ಅನ್ನೋದು ಗಮನಿಸಬೇಕಾದ್ದು.

1958ರಲ್ಲಿ ಅವರು ಮುಂದೆ ನಿಂತು ಭಾರತೀಯ ಭೂವೈಜ್ಞಾನಿಕ ಸಂಘ ಕಟ್ಟಿದರು. ಹೆಸರಾಂತ ಭೂವಿಜ್ಞಾನಿ ಡಿ. ಎನ್. ವಾಡಿಯಾ ಮೊದಲ ಅಧ್ಯಕ್ಷರು. ಮರುವರ್ಷ ಸಂಘದ ಪತ್ರಿಕೆ ಶುರುವಾಯಿತು. ವರ್ಷಕ್ಕೊಂದು ಸಂಚಿಕೆ ಬರುತ್ತಿದ್ದದ್ದು ಕಾಲಕ್ರಮದಲ್ಲಿ ತಿಂಗಳಿಗೊಂದು ಆಯಿತು. ಸಂಘ ಈಗಲೂ ಬೆಂಗಳೂರಿನ ಗವಿಪುರದಲ್ಲಿದೆ. ನೌಕರಿಯಿಂದ ನಿವೃತ್ತರಾದ ಮೇಲೆ ಇನ್ನೂ ಮೂರುವರೆ ದಶಕ ಅವರು ಇದಕ್ಕೇ ದುಡಿದರು. ಬೇರೆಯವರು ಬರೆದದ್ದನ್ನು ತಿದ್ದಿ, ಅಚ್ಚು ಹಾಕಿಸಿ, ಹೊರಗೆ ತರುವ ಕೆಲಸ. ನಮ್ಮ ಕಡೆ ನಿವೃತ್ತ ಅಧಿಕಾರಿ ಅಂದರೆ ಪೆನ್ಷನ್, ವಾಕಿಂಗ್, ಆಮೇಲೆ ಯಾವುದೋ ಸಮಿತಿಯ ಅಧ್ಯಕ್ಷಗಿರಿ. ಇವರು ಪ್ರೂಫ್ ನೋಡುತ್ತಾ ಕೂತರು. ಡಾರ್ವಿನ್ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆದರು. ಆರ್. ವೈದ್ಯನಾಥನ್ ಅವರ ಜೊತೆ ಸೇರಿ ಕರ್ನಾಟಕದ ಭೂವಿಜ್ಞಾನದ ಮೇಲೆ ದೊಡ್ಡ ಗ್ರಂಥವನ್ನೇ ಬರೆದರು. ನಮ್ಮ ಜಿಲ್ಲೆಯ ಕಲ್ಲಿನ ಬಗ್ಗೆ ಯಾರಾದರೂ ವಿದ್ಯಾರ್ಥಿ ಕೇಳಿದರೆ ನಾನು ಇವತ್ತಿಗೂ ಅದನ್ನೇ ಹುಡುಕು ಅನ್ನುತ್ತೇನೆ.

ಚಿತ್ರದುರ್ಗಕ್ಕೂ ಅವರಿಗೂ ನೇರ ಸಂಬಂಧ ಇದೆ. ಊರ ಪಕ್ಕದ ಇಂಗಳದಾಳಿನಲ್ಲಿ ಹಿಂದಿನವರು ತಾಮ್ರ ತೋಡಿದ ಹಳೆಯ ಗುಂಡಿಗಳಿದ್ದವು. ಅವುಗಳಿಗೆ ಮತ್ತೆ ಜೀವ ಬಂದು, ಕಂಪನಿಯಾಗಿ, ಗಣಿಯಾಗಿ ನಡೆದಿದ್ದರ ಹಿಂದೆ ಅವರ ಕಾಲದ ಇಲಾಖೆಯ ಕೆಲಸ ಇದೆ. ಮುಂದೆ ಅದು ಹಟ್ಟಿ ಚಿನ್ನದ ಗಣಿ ಕಂಪನಿಯ ಕೈ ಸೇರಿತು, ಆಮೇಲೆ ತಾಮ್ರದ ಕೆಲಸ ನಿಂತಿತು. ಒಂದು ತಲೆಮಾರಿನ ಜನ ಅಲ್ಲಿ ದುಡಿದು ಮಕ್ಕಳನ್ನು ಓದಿಸಿದರು. ಸರ್ಕಾರಿ ಗಣಿ ಕಂಪನಿ ಮೈಸೂರು ಮಿನರಲ್ಸ್ ಶುರುವಾದದ್ದು 1966ರಲ್ಲಿ, ಅದೂ ಅವರು ನಿರ್ದೇಶಕರಾಗಿದ್ದಾಗಲೇ.

ಆದರೆ ಗಣಿಗಿಂತ ನನಗೆ ಹೆಚ್ಚು ಬೆಲೆಯುಳ್ಳದ್ದು ಅನಿಸೋದು ಅವರ ಕಾಲದಲ್ಲಿ ಇಲಾಖೆಯೊಳಗೆ ಅಂತರ್ಜಲಕ್ಕೇ ಅಂತ ಒಂದು ವಿಭಾಗ ಬೆಳೆದದ್ದು. ಅದು 1960ರ ದಶಕ, ದೇಶಕ್ಕೆಲ್ಲ ಬರ. ಗಾಳಿಯ ಒತ್ತಡದಿಂದ ಗಟ್ಟಿ ಕಲ್ಲನ್ನು ಕೊರೆಯುವ ಯಂತ್ರಗಳನ್ನು ಯುನಿಸೆಫ್ ಆಗ ನಮ್ಮ ದೇಶಕ್ಕೆ ತಂದಿತು. ಅಲ್ಲಿಯವರೆಗೆ ನಮ್ಮ ಕಡೆ ನೀರು ಅಂದರೆ ಕೆರೆ, ಕಪಿಲೆ ಬಾವಿ. ಚಿನ್ನ, ಮ್ಯಾಂಗನೀಸ್ ಹುಡುಕುತ್ತಿದ್ದ ಭೂವಿಜ್ಞಾನಿ ಹಳ್ಳಿಯ ಕುಡಿಯುವ ನೀರನ್ನೂ ಹುಡುಕಬೇಕು ಅನ್ನೋದು ಆಗ ಹೊಸ ಮಾತು.

ಈಗ ನೋಡಿ. ಅಂತರ್ಜಲ ಒಂದು ಕಡೆ ಹೋಯಿತು, ಸಣ್ಣ ನೀರಾವರಿಯ ಕೆಳಗೆ. ಗಣಿ ಮತ್ತು ಭೂವಿಜ್ಞಾನ ಇಲಾಖೆ ಅಂದರೆ ನಮ್ಮ ಜನಕ್ಕೆ ಮರಳಿನ ಲಾರಿ, ಕ್ರಷರ್, ಪರ್ಮಿಟ್, ದಂಡ ಇಷ್ಟೇ ನೆನಪಾಗುತ್ತದೆ. ಹೆಸರಿನಲ್ಲಿ ಭೂವಿಜ್ಞಾನ ಇದೆ, ಬಾಗಿಲಿನಲ್ಲಿ ನಿಂತಿರೋದು ಗಣಿಯವರು. ಇದು ನಿಮ್ಮ ಅಧಿಕಾರಿಗಳ ತಪ್ಪು ಅಂತ ನಾನು ಹೇಳುತ್ತಿಲ್ಲ. ಕೆಲಸ ಕೊಟ್ಟವರು ಹಾಗೆ ಕೊಟ್ಟಿದ್ದಾರೆ, ರಾಜಧನ ಎಷ್ಟು ಬಂತು ಅಂತ ತಾನೇ ಮೀಟಿಂಗಿನಲ್ಲಿ ಕೇಳೋದು?

ನಮ್ಮ ಹೊಲದಲ್ಲಿ ಬೋರ್ ಕೊರೆದ ರಾತ್ರಿ ಏನಾಯಿತು ಅಂತ ಹೇಳುತ್ತೇನೆ, ಆಗ ನಾನು ಕೇಳುವುದು ನಿಮಗೆ ಅರ್ಥವಾಗುತ್ತದೆ.

ಮೊದಲು ಪಾಯಿಂಟ್ ನೋಡಿಸುವ ಶಾಸ್ತ್ರ. ನಾನು ಬೇಡ ಅಂದರೂ ಮನೆಯಲ್ಲಿ ಬಿಡಲಿಲ್ಲ. ಬಂದವರು ತೆಂಗಿನಕಾಯಿ ಅಂಗೈ ಮೇಲಿಟ್ಟುಕೊಂಡು ಹೊಲ ಪೂರ್ತಿ ಸುತ್ತಿದರು. ಕಾಯಿ ಎದ್ದು ನಿಂತ ಕಡೆ ಕಲ್ಲಿಟ್ಟು, ಕುಂಕುಮ ಹಚ್ಚಿ, ಎರಡು ಗಂಗೆ ಸೇರ್ತಾವೆ ಇಲ್ಲಿ ಅಂದರು. ನಮ್ಮ ಕಡೆಯ ಕಲ್ಲಿನೊಳಗೆ ಹರಿಯುವ ಗಂಗೆ ಯಾವುದೂ ಇಲ್ಲ. ಮೇಲೆ ಕೊಳೆತು ಗರಸಾದ ಕಲ್ಲು ಒಂದಿಷ್ಟು, ಅದರ ಕೆಳಗೆ ಗಟ್ಟಿ ಕಲ್ಲು, ಆ ಗಟ್ಟಿ ಕಲ್ಲಿನಲ್ಲಿ ಅಲ್ಲಲ್ಲಿ ಬಿರುಕು. ನೀರು ಇರೋದು ಗರಸಿನಲ್ಲಿ ಮತ್ತು ಬಿರುಕಿನಲ್ಲಿ. ಸಾಮಾನ್ಯವಾಗಿ ಆಳಕ್ಕೆ ಹೋದಷ್ಟೂ ಬಿರುಕು ಕಮ್ಮಿಯಾಗುತ್ತದೆ, ಬಿಗಿಯಾಗುತ್ತದೆ. ಇದನ್ನು ಹತ್ತನೇ ಕ್ಲಾಸಿನ ಹುಡುಗನಿಗೂ ಹೇಳಿಕೊಡಬಹುದು. ಆದರೆ ಸಾಲ ಮಾಡಿ ದುಡ್ಡು ಹೊಂದಿಸಿದವನಿಗೆ ಬಿರುಕಿನ ಮಾತಿಗಿಂತ ಗಂಗೆಯ ಮಾತು ಹಿತವಾಗಿರುತ್ತದೆ. ಅದೂ ನನಗೆ ಗೊತ್ತು.

ಸಂಜೆ ಲಾರಿ ಬಂತು. ತಮಿಳುನಾಡಿನ ತಿರುಚೆಂಗೋಡಿನ ಕಡೆಯ ಹುಡುಗರು, ಒಳ್ಳೆಯ ಕೆಲಸಗಾರರು. ಕಂಪ್ರೆಸರ್ ಶುರುವಾಯಿತು. ಮೊದಲು ಕೆಂಪು ಮಣ್ಣು ಹಾರಿತು. ಆಮೇಲೆ ಹಳದಿ ಗರಸು. ಕೇಸಿಂಗ್ ಪೈಪ್ ಇಳಿಸಿದರು. ಅದಾದ ಮೇಲೆ ಪುಡಿ ಬೂದು ಬಣ್ಣಕ್ಕೆ ತಿರುಗಿತು, ಟಾರ್ಚ್ ಹಿಡಿದರೆ ಅದರೊಳಗೆ ಕಾಗೆಬಂಗಾರ ಮಿಣಮಿಣ ಅನ್ನುತ್ತಿತ್ತು. ಒಂದೊಂದು ರಾಡ್ ಇಳಿದ ಹಾಗೂ ಪುಡಿಯ ಗುಡ್ಡೆ ಬೆಳೆಯುತ್ತಿತ್ತು. ಒಂದು ಕಡೆ ಬಿಳಿ ಬೆಣಚುಕಲ್ಲಿನ ಚೂರು ಬಂತು, ಪುಡಿ ಒದ್ದೆಯಾಯಿತು. ಅಲ್ಲೇ ಸ್ವಲ್ಪ ನೀರು. ಇನ್ನೂ ಇಳಿಸೋಣ ಸಾರ್, ಕೆಳಗೆ ಗ್ಯಾಪ್ ಸಿಗ್ತದೆ ಅಂತ ಏಜೆಂಟ್ ಹೇಳಿದ. ಅಡಿಗೆ ಇಷ್ಟು ಅಂತ ರೇಟು, ಆಳ ಹೋದ ಹಾಗೆ ರೇಟೂ ಜಾಸ್ತಿ. ಅವನು ಹೇಳದೆ ಇರುತ್ತಾನಾ? ಕೆಳಗೆ ಮತ್ತೆ ಅದೇ ಬೂದು ಪುಡಿ, ಒಣಗಿದ್ದು, ಹಿಟ್ಟಿನಂತೆ ನುಣ್ಣಗೆ. ಬೆಳಗಿನ ಜಾವದವರೆಗೂ ಅದೇ ಬಂತು.

ಲಾರಿ ಹೊರಟ ಮೇಲೆ ಹೊಲದಲ್ಲಿ ಉಳಿದದ್ದು ಆ ಪುಡಿಯ ಗುಡ್ಡೆ. ನೆಲದಡಿಯ ಅಷ್ಟೂ ವಿಷಯ ಅದರಲ್ಲಿತ್ತು. ಎಷ್ಟು ಅಡಿಗೆ ಗರಸು ಮುಗಿಯಿತು, ಎಲ್ಲಿ ಬೆಣಚು ಬಂತು, ಎಲ್ಲಿ ನೀರು ಬಂತು, ಎಲ್ಲಿಂದ ಕೆಳಗೆ ಸುಮ್ನೆ ದುಡ್ಡು ಸುರಿದೆವು. ನನಗೆ ಓದಲು ಬರುತ್ತಿತ್ತು, ಹಾಗಾಗಿ ಒಂದಷ್ಟು ಬರೆದಿಟ್ಟುಕೊಂಡೆ. ಪಕ್ಕದ ಹೊಲದವರು ಅದೇ ಬೇಸಿಗೆಯಲ್ಲಿ ಕೊರೆಸಿದರು. ಅವರ ಪುಡಿ ಮುಂಗಾರಿನ ಮೊದಲ ಮಳೆಗೆ ಕೊಚ್ಚಿಕೊಂಡು ಹೋಯಿತು. ಅವರ ಪಕ್ಕದವರಿಗೆ ಹೇಳಲು ಅವರ ಬಳಿ ಇದ್ದದ್ದು ಬರೀ ಒಂದು ಮಾತು, ಫೇಲ್ ಆಯ್ತು ಅಂತ.

ಫೇಲ್ ಆದ ಬೋರಿನ ವಿಷಯವನ್ನು ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ರೈತನಿಗೆ ಅವಮಾನ, ಸಾಲ ಕೊಟ್ಟವನು ಬಾಗಿಲಿಗೆ ಬರುತ್ತಾನೆ ಅನ್ನೋ ಹೆದರಿಕೆ. ಏಜೆಂಟಿಗೆ ವ್ಯಾಪಾರ ಕೆಡುತ್ತದೆ. ಪಾಯಿಂಟ್ ನೋಡಿದವರಿಗೆ ಹೆಸರು ಕೆಡುತ್ತದೆ. ಆದರೆ ಮುಂದೆ ಕೊರೆಸುವವನಿಗೆ ಎಲ್ಲಕ್ಕಿಂತ ಉಪಯೋಗದ ಸುದ್ದಿ ಅದೇ ಅಲ್ವಾ? ನೀರು ಬಿದ್ದ ಬೋರ್ ಒಂದು ಜಾಗದ ಬಗ್ಗೆ ಹೇಳುತ್ತದೆ. ಬೀಳದ ಬೋರು, ಇಷ್ಟು ಅಡಿಯ ಕೆಳಗೆ ಇಲ್ಲಿ ಹೋಗಬೇಡಿ ಅಂತ ಇಡೀ ಬಯಲಿಗೆ ಹೇಳುತ್ತದೆ. ಹೊಳಲ್ಕೆರೆ, ಚನ್ನಗಿರಿ ಕಡೆ ಬೇಸಿಗೆಯಲ್ಲಿ ಅಡಿಕೆ ಉಳಿಸಿಕೊಳ್ಳಲು ಒಂದೇ ತೋಟದಲ್ಲಿ ಒಂದರ ಪಕ್ಕ ಒಂದು ಕೊರೆಸುತ್ತಾರೆ. ಆ ತೂತುಗಳೆಲ್ಲ ಸರ್ಕಾರ ಒಂದು ಪೈಸೆ ಖರ್ಚು ಮಾಡದೆ ಸಿಕ್ಕಿದ ಭೂಗರ್ಭದ ಪರೀಕ್ಷೆಗಳು. ಫಲಿತಾಂಶ ಮಾತ್ರ ಯಾರ ಬಳಿಯೂ ಇಲ್ಲ.

ನಾನು ಕೇಳೋದು ಇಷ್ಟೇ. ಜಿಲ್ಲೆಯಲ್ಲಿ ಕೊರೆಯುವ ಪ್ರತಿ ಬೋರ್‌ವೆಲ್‌ಗೂ ಒಂದು ಹಾಳೆಯ ಲೆಕ್ಕ ಬರೆಸಿ, ಅದನ್ನು ಎಲ್ಲರಿಗೂ ಕಾಣುವ ಹಾಗೆ ಇಡಿ. ಸರ್ವೆ ನಂಬರು, ಫೋನಿನಲ್ಲಿ ಸಿಗುವ ಅಕ್ಷಾಂಶ ರೇಖಾಂಶ, ಒಟ್ಟು ಆಳ, ಕೇಸಿಂಗ್ ಎಷ್ಟು ಇಳಿಯಿತು, ಪುಡಿಯ ಬಣ್ಣ ಯಾವ ಯಾವ ಅಡಿಗೆ ಬದಲಾಯಿತು, ನೀರು ಯಾವ ಅಡಿಯಲ್ಲಿ ಬಂತು, ಎಷ್ಟು ಇಂಚು. ಬಾರದಿದ್ದರೆ ಬರಲಿಲ್ಲ ಅಂತ. ಬಣ್ಣ ಬದಲಾದ ಕಡೆ ಒಂದೊಂದು ಹಿಡಿ ಪುಡಿಯನ್ನು ಸಣ್ಣ ಪ್ಲಾಸ್ಟಿಕ್ ಕವರಿಗೆ ಹಾಕಿ ಅಡಿ ಬರೆದರೆ ಸಾಕು. ಇದಕ್ಕೆ ಭೂವಿಜ್ಞಾನಿ ರಾತ್ರಿಯೆಲ್ಲ ನಿದ್ದೆಗೆಡಬೇಕಿಲ್ಲ. ಕೊರೆಯುವ ಹುಡುಗರೇ ಬರೆಯಬಹುದು, ರಾಡಿನ ಲೆಕ್ಕ ಹೇಗೂ ದುಡ್ಡಿಗಾಗಿ ಅವರು ಇಟ್ಟೇ ಇರುತ್ತಾರೆ. ತಿಂಗಳಿಗೊಮ್ಮೆ ತಾಲೂಕಿಗೆ ಒಬ್ಬ ಭೂವಿಜ್ಞಾನಿ ಬಂದು ಕವರುಗಳನ್ನು ನೋಡಿ ಕಲ್ಲಿನ ಹೆಸರು ಬರೆದರೆ ಆಯಿತು.

ಹೊಸ ಕಾನೂನು ಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2011ರ ಕರ್ನಾಟಕ ಅಂತರ್ಜಲ ಕಾಯ್ದೆ ಇದೆ. ಅಧಿಸೂಚಿತ ತಾಲೂಕುಗಳಲ್ಲಿ ಕೊರೆಸಲು ಅನುಮತಿ ಬೇಕು, ಕೊರೆಯುವ ಯಂತ್ರಗಳ ನೋಂದಣಿ ಆಗಬೇಕು. ಮಕ್ಕಳು ತೆರೆದ ಬೋರಿಗೆ ಬಿದ್ದು ಸಾಯುತ್ತಿದ್ದಾಗ ಸುಪ್ರೀಂ ಕೋರ್ಟ್ 2010ರಲ್ಲಿ ಆದೇಶ ಕೊಟ್ಟಿದೆ. ಕೊರೆಸುವ 15 ದಿನ ಮೊದಲು ಲಿಖಿತವಾಗಿ ತಿಳಿಸಬೇಕು, ಕೈಬಿಟ್ಟ ಬೋರ್ ಮುಚ್ಚಬೇಕು, ಎಷ್ಟು ಬೋರ್ ಇವೆ, ಎಷ್ಟು ಕೈಬಿಟ್ಟಿವೆ ಅಂತ ಜಿಲ್ಲೆಯಲ್ಲಿ ದಾಖಲೆ ಇಡಬೇಕು. ಹೇಗೂ ಆ ದಾಖಲೆ ಇಡುವಾಗ ನಾನು ಹೇಳಿದ ನಾಲ್ಕು ಸಾಲು ಜೊತೆಗೆ ಸೇರಿಸಿ. ಪತ್ತೆಯಾಗದ ತೂತು ಒಂದೂ ಉಳಿಯದಿದ್ದರೆ ಮಗು ಬೀಳುವ ಭಯವೂ ಕಮ್ಮಿಯಾಗುತ್ತದೆ.

ದುಡ್ಡಿನ ಮಾತು. ಗಣಿ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯ ನಂತರ ಗಣಿಗಾರಿಕೆ ಇರುವ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ಇದೆ, ಗಣಿಯವರು ಕಟ್ಟುವ ದುಡ್ಡಿನ ನಿಧಿ ಅದು. ನಮ್ಮಲ್ಲೂ ಕಬ್ಬಿಣದ ಅದಿರು ತೆಗೆಯುತ್ತಾರೆ, ನಮ್ಮಲ್ಲೂ ಆ ನಿಧಿ ಇದೆ. ಕುಡಿಯುವ ನೀರು ಅದರ ಮೊದಲ ಆದ್ಯತೆಗಳಲ್ಲಿ ಒಂದು. ಸಮುದಾಯ ಭವನಕ್ಕೆ ಸುಣ್ಣ ಹೊಡೆಸುವುದಕ್ಕಿಂತ ಇದು ಆ ನಿಧಿಗೆ ತಕ್ಕ ಕೆಲಸ ಅಂತ ನನ್ನ ಅಭಿಪ್ರಾಯ. ಕಲ್ಲಿನಿಂದ ಬಂದ ದುಡ್ಡು ಕಲ್ಲನ್ನು ತಿಳಿಯಲು ಖರ್ಚಾಗಲಿ.

ಲೆಕ್ಕದ ಹಾಳೆಯಲ್ಲಿ ಫ್ಲೋರೈಡ್‌ಗೂ ಒಂದು ಕಾಲಂ ಇರಲಿ. ಮೊಳಕಾಲ್ಮುರು, ಜಗಳೂರು ಕಡೆ ಶಾಲೆಗೆ ಹೋಗಿ ಮಕ್ಕಳನ್ನು ನಗಿಸಿ ನೋಡಿ, ಹಲ್ಲಿನ ಕಂದು ಕಲೆ ಕಾಣುತ್ತದೆ. ಇದೂ ಕಲ್ಲಿನ ಕಥೆಯೇ. ಗ್ರಾನೈಟು, ಪಟ್ಟೆ ಪಟ್ಟೆಯಾಗಿ ಕಾಣುವ ನೈಸ್ (gneiss) ಕಲ್ಲುಗಳೊಳಗಿನ ಕೆಲವು ಖನಿಜಗಳಲ್ಲಿ ಫ್ಲೋರಿನ್ ಇರುತ್ತದೆ. ನೀರು ಆ ಬಿರುಕುಗಳಲ್ಲಿ ಬಹಳ ಕಾಲ ನಿಂತಷ್ಟೂ ಅದು ನೀರಿಗಿಳಿಯುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ಭಾರತೀಯ ಮಾನಕ ಸಂಸ್ಥೆ ಹೇಳುತ್ತದೆ. ಊರಿಗೊಂದು ಶುದ್ಧ ನೀರಿನ ಘಟಕ ಇಟ್ಟಿದ್ದೀರಿ, ಒಳ್ಳೆಯದಾಯಿತು, ಕೆಟ್ಟು ನಿಂತವನ್ನು ರಿಪೇರಿ ಮಾಡಿಸಿದರೆ ಇನ್ನೂ ಒಳ್ಳೆಯದು. ಆದರೆ ದನಕರುಗಳಿಗೆ ಕಾಯಿನ್ ಹಾಕಿ ನೀರು ಕುಡಿಸಲು ಆಗುವುದಿಲ್ಲ. ಯಾವ ಬೋರು, ಯಾವ ಆಳ, ಎಷ್ಟು ಫ್ಲೋರೈಡ್ ಅಂತ ಊರಿನವರಿಗೆ ಗೊತ್ತಿರಬೇಕು.

ಇಲ್ಲಿ ಒಂದು ಅಡ್ಡಮಾತು. ನಮ್ಮ ಕೋಟೆ ಕಟ್ಟಿದವರು ಈ ಕಲ್ಲನ್ನು ಚೆನ್ನಾಗಿ ಓದಿದ್ದರು. ಗ್ರಾನೈಟ್ ಬೆಟ್ಟದೊಳಗೆ ನೀರಿಲ್ಲ, ಆದರೆ ಬಂಡೆಯ ಮೇಲೆ ಬಿದ್ದ ಮಳೆ ಇಂಗದೆ ಜಾರಿ ಬರುತ್ತದೆ ಅಂತ ಗೊತ್ತಿತ್ತು. ಅದಕ್ಕೇ ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ, ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡ. ಇನ್ನೂ ಹಿಂದಕ್ಕೆ ಹೋದರೆ ಚಂದ್ರವಳ್ಳಿಯ ಕದಂಬ ಮಯೂರಶರ್ಮನ ಶಾಸನ ಹೇಳುವುದೂ ಒಂದು ಕೆರೆಯ ವಿಷಯವನ್ನೇ. ಮಾರಿಕಣಿವೆಯಲ್ಲಿ (ಈಗಿನ ವಾಣಿವಿಲಾಸ ಸಾಗರ) ವೇದಾವತಿ ಬೆಟ್ಟದ ಸಾಲನ್ನು ಸೀಳಿ ಹೊರಬರುವ ಇಕ್ಕಟ್ಟು ಜಾಗವನ್ನು ನೋಡಿಯೇ ಅಣೆಕಟ್ಟು ಕಟ್ಟಿದ್ದು, 1907ಕ್ಕೆ ಮುಗಿಯಿತು. ಅದು 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಮಳೆಯನ್ನು ನಂಬಿ ಕೂರುವ ಸೀಮೆಯಲ್ಲ ನಮ್ಮದು. ಭದ್ರಾ ಮೇಲ್ದಂಡೆ ಯೋಜನೆಯ ನೀರು ಬಂದಾಗ ಬರಲಿ, ಕೇಂದ್ರದವರು 2023ರ ಬಜೆಟ್ಟಿನಲ್ಲಿ 5,300 ಕೋಟಿ ಅಂತ ಹೇಳಿದ್ದನ್ನು ಕೇಳಿ ನಮ್ಮೂರಲ್ಲಿ ಪಟಾಕಿ ಹೊಡೆದವರೂ ಇದ್ದಾರೆ. ಅಲ್ಲಿಯವರೆಗೆ ಬೋರ್ ಲಾರಿ ನಿಲ್ಲುವುದಿಲ್ಲ.

ಇನ್ನೊಂದು ಸಣ್ಣ ವಿಷಯ, ಅದೂ ಇಲಾಖೆಗೆ ಸೇರಿದ್ದು. ಚಿತ್ರದುರ್ಗದಿಂದ ಹಿರಿಯೂರಿನ ದಿಕ್ಕಿಗೆ ಮರಡಿಹಳ್ಳಿ ಹತ್ತಿರ ದಿಂಬುಗಳನ್ನು ಒಟ್ಟಿದ ಹಾಗೆ ಕಾಣುವ ಕಲ್ಲುಗಳಿವೆ. ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನಡಿಯಲ್ಲಿ ಉಕ್ಕಿದ ಲಾವಾ. ನೀರು ತಾಗಿದ ಕೂಡಲೇ ಹೊರಗಿನ ಸಿಪ್ಪೆ ಗಟ್ಟಿಯಾಗಿ, ಒಳಗಿನದು ಉಬ್ಬಿ, ಉಂಡೆ ಉಂಡೆಯಾಗಿ ಕೂತಿದೆ. ಅಂದರೆ ನಾವು ಹನಿ ನೀರಿಗೆ ಸಾವಿರ ಅಡಿ ಕೊರೆಯುವ ಈ ನೆಲದ ಮೇಲೆ ಒಂದು ಕಾಲಕ್ಕೆ ನೀರು ನಿಂತಿತ್ತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ. ಕೋಟೆ ನೋಡಲು ಬಸ್ಸುಗಟ್ಟಲೆ ಬರುವ ಶಾಲಾ ಮಕ್ಕಳಲ್ಲಿ ಇಲ್ಲಿಗೆ ಹೋಗುವವರು ಎಷ್ಟು ಮಂದಿ? ಪ್ರವಾಸದ ಪಟ್ಟಿಗೆ ಸೇರಿಸಿ, ಕನ್ನಡದಲ್ಲಿ ವಿವರ ಬರೆಸಿ. ಜೋಗಿಮಟ್ಟಿ ಬೆಟ್ಟದ ಕಲ್ಲು, ಕೋಟೆಯ ಗುಂಡು ಬಂಡೆ, ಈ ದಿಂಬುಗಲ್ಲು, ಮೂರನ್ನೂ ಒಂದೇ ದಿನ ನೋಡಬಹುದು.

ರಾಧಾಕೃಷ್ಣರ ಹೆಸರಿನಲ್ಲಿ ಏನಾದರೂ ಮಾಡೋಣ ಅಂತ ನಿಮಗೆ ಅನಿಸಿದರೆ, ದಯವಿಟ್ಟು ಸರ್ಕಲ್ಲಿಗೆ ಹೆಸರಿಡಬೇಡಿ, ಎದೆಮಟ್ಟದ ಪ್ರತಿಮೆ ಬೇಡ. ಸರ್ಕಲ್ಲಿಗೆ ಹೆಸರಿಟ್ಟರೆ ಬ್ಯಾನರ್ ಕಟ್ಟಲು ಒಂದು ಜಾಗ ಆಗುತ್ತದೆ ಅಷ್ಟೆ. ಕಂಡದ್ದನ್ನು ಬರೆದು, ಬರೆದದ್ದನ್ನು ಊರಿಗೆಲ್ಲ ಸಿಗುವ ಹಾಗೆ ಮಾಡಿದ ಮನುಷ್ಯ ಅವರು. ಬೋರ್ ಲೆಕ್ಕದ ಆ ಹಾಳೆಯ ಮೂಲೆಯಲ್ಲಿ ಅವರ ಹೆಸರು ಹಾಕಿದರೂ ಸರಿ, ಹಾಕದಿದ್ದರೂ ಸರಿ.

ಸಿಬ್ಬಂದಿ ಇಲ್ಲ ಅಂತ ನೀವು ಹೇಳುತ್ತೀರಿ, ಗೊತ್ತು. ಭೂವಿಜ್ಞಾನ ಓದಿ ಕೆಲಸ ಸಿಗದೆ ಬೆಂಗಳೂರಿನಲ್ಲಿ ಡೆಲಿವರಿ ಮಾಡುತ್ತಿರುವ ಹುಡುಗರು ನಮ್ಮ ಜಿಲ್ಲೆಯವರೇ ಇದ್ದಾರೆ. ಅವರಿಗೆ ಗೌರವಧನ ಕೊಟ್ಟು ತಾಲೂಕಿಗೆ ಇಬ್ಬರನ್ನು ಹಾಕಿ. ರಿಗ್ ಮಾಲೀಕರು ಒಪ್ಪುವುದಿಲ್ಲ ಅಂತಲೂ ಹೇಳುತ್ತೀರಿ. ಹಾಳೆ ತುಂಬಿ ಪಂಚಾಯಿತಿಗೆ ಕೊಟ್ಟ ಮೇಲೆಯೇ ಪಂಪ್‌ಸೆಟ್ಟಿಗೆ ಕರೆಂಟು ಅಂತ ಮಾಡಿ, ಆಗ ರೈತನೇ ಅವರ ಬೆನ್ನು ಹತ್ತಿ ಬರೆಸುತ್ತಾನೆ. ಫೇಲ್ ಆದದ್ದಕ್ಕೆ ಕರೆಂಟೇ ಬೇಡವಲ್ಲ, ಅದರ ಹಾಳೆ ಯಾರು ತರುತ್ತಾರೆ ಅನ್ನೋದು ನಿಜವಾದ ತೊಡಕು. ಬಾರದ ಬೋರನ್ನು ಮುಚ್ಚಿಸುವ ಖರ್ಚನ್ನು ಖನಿಜ ನಿಧಿಯಿಂದ ಕೊಡಿ, ಹಾಳೆ ತಂದವರಿಗೆ ಮಾತ್ರ. ಇದಕ್ಕಿಂತ ಒಳ್ಳೆಯ ಉಪಾಯ ನಿಮ್ಮ ಬಳಿ ಇದ್ದರೆ ಅದನ್ನೇ ಮಾಡಿ.

ಇಡೀ ಜಿಲ್ಲೆಗೆ ಒಂದೇ ಸಲ ಬೇಡ. ಹೊಳಲ್ಕೆರೆ ತಾಲೂಕಿನಿಂದ ಶುರು ಮಾಡಿ, ಅಡಿಕೆಯಿಂದಾಗಿ ಅಲ್ಲಿ ಕೊರೆತ ಜಾಸ್ತಿ. ನಮ್ಮ ಕಡೆ ಬೋರ್ ಲಾರಿಗಳ ಓಡಾಟ ಫೆಬ್ರವರಿಯಿಂದ ಜೋರಾಗುತ್ತದೆ. ಅಷ್ಟರೊಳಗೆ ಹಾಳೆ ಅಚ್ಚಾಗಿ ಪಂಚಾಯಿತಿಗಳಿಗೆ ತಲುಪಿರಬೇಕು. ಹುಡುಗರಿಗೆ ಪುಡಿ ನೋಡುವುದನ್ನು ಹೇಳಿಕೊಡಲು ಕರೆದರೆ ನಾನು ಬರುತ್ತೇನೆ, ಬಸ್ ಚಾರ್ಜೂ ಬೇಡ.

ಇಂತಿ,
ಭರಮಸಾಗರ ಹೋಬಳಿಯ ಒಬ್ಬ ರೈತ, ನಿವೃತ್ತ ಮೇಷ್ಟ್ರು